ಜೊತೆ ಇರುವುದಕ್ಕೊಂದು ಜಾಗ

ಹುಡುಗ, ಹುಡುಗಿ ಬರೀ ಫ್ರೆಂಡ್ಸ್ ಆಗಿರೋಕೆ ಸಾಧ್ಯವಾ? ಕಾಲೇಜಿನ ಕ್ಯಾಂಟೀನಿನಿಂದ ಹಿಡಿದು ಮದುವೆಮನೆಯ ಊಟದ ಪಂಕ್ತಿಯವರೆಗೆ ಎಲ್ಲೆಲ್ಲೂ ಕೇಳಿಬರುವ ಪ್ರಶ್ನೆ ಇದು. ರೊಮ್ಯಾಂಟಿಕ್ ಕಾಮಿಡಿ ಎಂಬ ಸಿನಿಮಾ ಪ್ರಕಾರದ ಅರ್ಧಕ್ಕರ್ಧ ಈ ಒಂದು ಪ್ರಶ್ನೆಯ ಮೇಲೆಯೇ ನಿಂತಿದೆ. ಸಾಮಾನ್ಯವಾಗಿ ನಾವು ಇದನ್ನು ಮನಸ್ಸಿಗೆ ಸಂಬಂಧಿಸಿದ ಪ್ರಶ್ನೆ ಎಂದುಕೊಳ್ಳುತ್ತೇವೆ. ಅವನ ಮನಸ್ಸಿನಲ್ಲಿ ಏನಿತ್ತು, ಅವಳ ಮನಸ್ಸಿನಲ್ಲಿ ಏನಿತ್ತು, ಸ್ನೇಹ ಯಾವ ಗಳಿಗೆಯಲ್ಲಿ ಸೆಳೆತವಾಯಿತು ಎಂದು ಚರ್ಚಿಸುತ್ತೇವೆ. ಆದರೆ ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇದೆ ಎಂದು ನನಗನ್ನಿಸುತ್ತದೆ. ಅವರಿಬ್ಬರೂ ಕೂತು ಮಾತಾಡಿದ್ದು ಎಲ್ಲಿ? ಎಷ್ಟು ಹೊತ್ತು? ಆ ಹೊತ್ತು ಅವರಿಗೆ ಸಿಕ್ಕಿದ್ದಾದರೂ ಹೇಗೆ?

ಕನ್ನಡದಲ್ಲಿ 'ಜೊತೆ' ಮತ್ತು 'ಜೋಡಿ' ಎಂಬ ಎರಡು ಪದಗಳಿವೆ. ನೋಡಲು ಅಕ್ಕಪಕ್ಕದ ಪದಗಳೇ, ಆದರೆ ಊರಿನ ಕಣ್ಣಿನಲ್ಲಿ ಇವುಗಳ ನಡುವೆ ದೊಡ್ಡ ಅಂತರವಿದೆ. ಜೊತೆ ಇರುವವರೆಲ್ಲ ಜೋಡಿಯಲ್ಲ. ಒಂದು ಹುಡುಗ, ಒಂದು ಹುಡುಗಿ ಜೋಡಿಯಾಗದೆ ಜೊತೆ ಇರಬಹುದಾದ ಜಾಗವೊಂದನ್ನು ಕಟ್ಟಿಕೊಳ್ಳುವುದೇ ಈ ಪ್ರಕಾರದ ಸಿನಿಮಾದ ಮೊದಲ ಕೆಲಸ. ಆ ಜಾಗ ಗಟ್ಟಿಯಾಗಿದ್ದರೆ ಹಾಸ್ಯ ತಾನಾಗಿ ಹುಟ್ಟುತ್ತದೆ, ಪ್ರೇಮ ಅದರ ಹಿಂದೆ ಬರುತ್ತದೆ. ಜಾಗವೇ ಇಲ್ಲದಿದ್ದರೆ ಹುಡುಗ ದೂರದಿಂದ ನೋಡುತ್ತಾನೆ, ಹುಡುಗಿ ನೋಡಿಸಿಕೊಳ್ಳುತ್ತಾಳೆ. ಈ ಮಾತನ್ನು ಇಟ್ಟುಕೊಂಡು ನಮ್ಮ ಹಾಸನ ಜಿಲ್ಲೆಯ ಹುಡುಗ ಹುಡುಗಿಯರೆಲ್ಲ ತಮ್ಮದೇ ಎಂದುಕೊಂಡ 'ಕಿರಿಕ್ ಪಾರ್ಟಿ'ಯನ್ನು ಮತ್ತೊಮ್ಮೆ ನೋಡುವುದು ಈ ಬರಹದ ಉದ್ದೇಶ. ಅದಕ್ಕೆ ಮುಂಚೆ ಎರಡು ಮೂರು ಬೇರೆ ಸಿನಿಮಾಗಳ ದಾರಿ ಹಿಡಿಯಬೇಕು.

ಈ ಪ್ರಶ್ನೆಯನ್ನು ನೇರವಾಗಿ ಮೇಜಿನ ಮೇಲಿಟ್ಟ ಸಿನಿಮಾ 1989ರ 'ವೆನ್ ಹ್ಯಾರಿ ಮೆಟ್ ಸ್ಯಾಲಿ'. ರಾಬ್ ರೈನರ್ ನಿರ್ದೇಶನ, ನೋರಾ ಎಫ್ರಾನ್ ಚಿತ್ರಕಥೆ. ಗಂಡು ಹೆಣ್ಣು ಸ್ನೇಹಿತರಾಗಿರಲು ಸಾಧ್ಯವೇ ಇಲ್ಲ, ಸೆಳೆತ ಅಡ್ಡ ಬಂದೇ ಬರುತ್ತದೆ ಎಂದು ಹ್ಯಾರಿ ವಾದಿಸುತ್ತಾನೆ. ಸ್ಯಾಲಿ ಒಪ್ಪುವುದಿಲ್ಲ. ಎಲ್ಲರಿಗೂ ನೆನಪಿರುವುದು ಈ ವಾದ. ಆದರೆ ವಾದ ನಡೆಯುವುದು ಎಲ್ಲಿ ಎಂಬುದನ್ನು ಗಮನಿಸಿ. 1977ರಲ್ಲಿ ಓದು ಮುಗಿಸಿದ ಇಬ್ಬರು, ಪರಸ್ಪರ ಪರಿಚಯವಿಲ್ಲದವರು, ಖರ್ಚು ಹಂಚಿಕೊಳ್ಳಲೆಂದು ಒಂದೇ ಕಾರಿನಲ್ಲಿ ಷಿಕಾಗೋದಿಂದ ನ್ಯೂಯಾರ್ಕಿಗೆ ಹೊರಟಿದ್ದಾರೆ. ಹದಿನೆಂಟು ಗಂಟೆಯ ದಾರಿ. ಸರದಿಯಂತೆ ಇಬ್ಬರೂ ಕಾರು ಓಡಿಸಬೇಕು. ಪರಸ್ಪರ ಇಷ್ಟವಿಲ್ಲ, ಆದರೆ ಇಳಿದು ಹೋಗುವಂತೆಯೂ ಇಲ್ಲ. ಆ ಹದಿನೆಂಟು ಗಂಟೆಯಲ್ಲಿ ಸ್ಯಾಲಿ ಹೋಟೆಲಿನಲ್ಲಿ ಊಟ ಹೇಳುವ ರೀತಿಯೂ ಒಂದು ನಗೆಯ ಪ್ರಸಂಗವಾಗುತ್ತದೆ. ಇದು ಹೀಗೇ ಬರಬೇಕು, ಅದು ಪಕ್ಕದಲ್ಲಿ ಬೇರೆಯಾಗಿ ಬರಬೇಕು ಎಂದು ಅವಳು ಪಟ್ಟಿ ಕೊಡುತ್ತಾ ಹೋಗುತ್ತಾಳೆ. ನಾವು ನಗುತ್ತೇವೆ. ಆದರೆ ಅವಳು ಹ್ಯಾರಿಗೆ ಚಂದ ಕಂಡಳು ಎಂಬ ಕಾರಣಕ್ಕೆ ಕಥೆಯೊಳಗೆ ಬಂದವಳಲ್ಲ. ಅವಳಿಗೂ ಒಂದು ಹಟವಿದೆ, ಒಂದು ಕ್ರಮವಿದೆ, ವಾದದಲ್ಲಿ ಸರಿಪಾಲಿದೆ. ಮುಂದೆ ಹನ್ನೆರಡು ವರ್ಷಗಳ ಉದ್ದಕ್ಕೂ ಅವರು ಸಿಕ್ಕಿ, ಬಿಟ್ಟು, ಮತ್ತೆ ಸಿಕ್ಕಾಗ ಮೊದಲಿನ ಆ ಕಾರಿನ ಲೆಕ್ಕ ನಡೆಯುತ್ತಲೇ ಇರುತ್ತದೆ.

ಅಮೆರಿಕದಲ್ಲಿ ಕಾರು, ಹೆದ್ದಾರಿ ಇವೆ, ನಮ್ಮಲ್ಲಿ ಅವೆಲ್ಲ ಎಲ್ಲಿ ಎಂದು ಕೇಳಬಹುದು. ನಮ್ಮಲ್ಲಿ ವಠಾರವಿತ್ತು. 1990ರಲ್ಲಿ ಬಂದ ಫಣಿ ರಾಮಚಂದ್ರ ಅವರ 'ಗಣೇಶನ ಮದುವೆ'ಯನ್ನು ಇವತ್ತಿಗೂ ಟಿವಿಯಲ್ಲಿ ಬಂದರೆ ಚಾನೆಲ್ ಬದಲಾಯಿಸದೆ ನೋಡುವ ಮನೆಗಳಿವೆ. ಮಲ್ಲಾದಿ ವೆಂಕಟಕೃಷ್ಣಮೂರ್ತಿಯವರ ತೆಲುಗು ಕಾದಂಬರಿಯ ಕಥೆ, ಆದರೆ ಬೆಂಗಳೂರಿನ ವಠಾರದೊಳಗೆ ಅದು ಪೂರ್ತಿ ಕನ್ನಡವಾಗಿದೆ. ಬಾಡಿಗೆದಾರ ಗಣೇಶ ಮತ್ತು ಮನೆ ಮಾಲೀಕನ ಮಗಳು ಆದಿಲಕ್ಷ್ಮಿ ಮುಖ ಕಂಡರೆ ಜಗಳವಾಡುತ್ತಾರೆ. ಅದೇ ಹೊತ್ತಿಗೆ ಅವನು ಶ್ರುತಿ ಎಂಬ ಹೆಸರಿನ ಗಾಯಕಿಯ ದನಿಗೆ ಮರುಳಾಗಿ ಪತ್ರ ಬರೆಯುತ್ತಿದ್ದಾನೆ, ಆ ಶ್ರುತಿ ಈ ಆದಿಲಕ್ಷ್ಮಿಯೇ. ಅವಳಿಗೂ ಆ ಅಭಿಮಾನಿ ಯಾರೆಂದು ಗೊತ್ತಿಲ್ಲ. 1940ರಲ್ಲಿ ಅರ್ನ್ಸ್ಟ್ ಲುಬಿಚ್ 'ದಿ ಶಾಪ್ ಅರೌಂಡ್ ದಿ ಕಾರ್ನರ್' ಸಿನಿಮಾದಲ್ಲಿ ಬಳಸಿದ್ದೂ ಇಂಥದೇ ಉಪಾಯ. ಒಂದೇ ಅಂಗಡಿಯಲ್ಲಿ ಕಿತ್ತಾಡುವ ಇಬ್ಬರು, ಹೆಸರಿಲ್ಲದ ಪತ್ರಗಳಲ್ಲಿ ಪ್ರೇಮಿಗಳು.

ಅನಂತನಾಗ್ ಮತ್ತು ವಿನಯಾಪ್ರಸಾದ್ ಜೋಡಿಯ ಹಾಸ್ಯ ಯಾಕೆ ಹಳತಾಗಿಲ್ಲ ಎಂದು ಯೋಚಿಸಿದಾಗ ನನಗೆ ಸಿಗುವ ಉತ್ತರ ವಠಾರವೇ. ವಠಾರ ಎಂದರೆ ಗೋಡೆಗೆ ಗೋಡೆ ತಾಗಿದ ಮನೆಗಳು, ಎಲ್ಲರೂ ಓಡಾಡುವ ಒಂದೇ ಅಂಗಳ. ಅಲ್ಲಿ ಎದುರುಬದುರಾಗಲು ಯಾರೂ ನೆಪ ಹುಡುಕಬೇಕಿಲ್ಲ. ಪ್ರತಿದಿನ ಮುಖ ನೋಡಲೇಬೇಕು. ಹಾಗಾಗಿ ಆದಿಲಕ್ಷ್ಮಿಗೆ ಜಗಳವಾಡಲು ಸಾಕಷ್ಟು ಹೊತ್ತು ಸಿಗುತ್ತದೆ. ಒಂದು ಕೊಟ್ಟರೆ ಎರಡು ಹಿಂತಿರುಗಿಸುತ್ತಾಳೆ. ಪ್ರೇಮಕ್ಕೆ ಮೊದಲು ಅವರ ನಡುವೆ ಸಮಾನತೆ ಇದೆ, ಅದು ಬೈಗುಳದ ಸಮಾನತೆ. ಇದು ಸ್ನೇಹವಲ್ಲ ಎಂದು ಯಾರಾದರೂ ಹೇಳಬಹುದು. ಆದರೆ ಒಬ್ಬರ ರೇಗಾಟವನ್ನು ಇನ್ನೊಬ್ಬರು ಇಷ್ಟು ಚೆನ್ನಾಗಿ ಬಲ್ಲ ಸ್ಥಿತಿಗೆ ಬೇರೆ ಹೆಸರು ನನಗೆ ಹೊಳೆಯುತ್ತಿಲ್ಲ.

ಹದಿನಾರು ವರ್ಷ ದಾಟಿ 2006ರ ಕೊನೆಗೆ ಬನ್ನಿ. ಯೋಗರಾಜ್ ಭಟ್ಟರ 'ಮುಂಗಾರು ಮಳೆ' ಕನ್ನಡ ಸಿನಿಮಾದ ಮಾತಿನ ಧಾಟಿಯನ್ನೇ ಬದಲಿಸಿತು. ಅಲ್ಲೂ ಒಂದು ಜಾಗವಿದೆ: ಮಡಿಕೇರಿಯ ಕರ್ನಲ್ ಮನೆ. ಅನಂತನಾಗ್ ಈಗ ಹುಡುಗಿಯ ತಂದೆ. ಮದುವೆ ನಿಶ್ಚಯವಾದ ನಂದಿನಿ, ಅತಿಥಿಯಾಗಿ ಬಂದ ಪ್ರೀತಮ್, ಹೊರಗೆ ಬಿಡದ ಮಳೆ. ರೊಮ್ಯಾಂಟಿಕ್ ಕಾಮಿಡಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೇ? ಆದರೆ ಮಾತು ಯಾರದು ಎಂದು ಕಿವಿಗೊಟ್ಟು ಕೇಳಿದರೆ ಹೆಚ್ಚಿನ ಪಾಲು ಪ್ರೀತಮ್‌ನದು. ಅವನು ನಂದಿನಿಯ ಜೊತೆ ಮಾತಾಡುತ್ತಾನೆ, ಅವಳಿಲ್ಲದಾಗ ದೇವದಾಸ ಎಂಬ ಮೊಲದ ಜೊತೆ ಮಾತಾಡುತ್ತಾನೆ. ಗಣೇಶ್ ಅವರ ಆ ಮಾತಿನ ಓಟಕ್ಕೆ ಮಾರುಹೋದವರಲ್ಲಿ ನಾನೂ ಒಬ್ಬಳು. ಆದರೂ ನಂದಿನಿಯ ಒಂದು ಜೋಕನ್ನು ನೆನಪು ಮಾಡಿಕೊಳ್ಳಿ ಎಂದರೆ ತಡಕಾಡಬೇಕಾಗುತ್ತದೆ. ಮೊಲಕ್ಕೆ ಸಿಕ್ಕಷ್ಟು ಆಪ್ತತೆ ಅವಳಿಗೆ ಸಿಕ್ಕಿದೆಯೇ ಎಂಬ ಅನುಮಾನವೂ ಬರುತ್ತದೆ. ಜಾಗ ಉಳಿದಿತ್ತು, ಆದರೆ ಅದರಲ್ಲಿ ಹುಡುಗಿಯ ಪಾಲು ಕಡಿಮೆಯಾಗಿತ್ತು. ಅಪವಾದಗಳೂ ಇವೆ. ಸುನಿ ಅವರ 'ಸಿಂಪಲ್ಲಾಗ್ ಒಂದ್ ಲವ್ ಸ್ಟೋರಿ' (2013) ಸಿನಿಮಾದಲ್ಲಿ ಶ್ವೇತಾ ಶ್ರೀವಾತ್ಸವ್ ಅವರ ಖುಷಿ, ರಕ್ಷಿತ್ ಶೆಟ್ಟಿಯ ಕುಶಾಲ್‌ಗೆ ಮಾತಿಗೆ ಮಾತು ಜೋಡಿಸುತ್ತಾಳೆ. ಅಲ್ಲಿಯೂ ಮಳೆಯ ನಡುವಿನ ಒಂದು ಮನೆಯೇ ಅವರನ್ನು ಹಿಡಿದಿಡುತ್ತದೆ ಎಂಬುದು ಕಾಕತಾಳೀಯವೇನಲ್ಲ.

ಈಗ 'ಕಿರಿಕ್ ಪಾರ್ಟಿ'. 2016ರ ಡಿಸೆಂಬರ್ 30ರಂದು ತೆರೆಗೆ ಬಂದ ಈ ಸಿನಿಮಾವನ್ನು ರಿಷಬ್ ಶೆಟ್ಟಿ ನಿರ್ದೇಶಿಸಿದರು, ರಕ್ಷಿತ್ ಶೆಟ್ಟಿ ಕರ್ಣನಾದರು. ರಶ್ಮಿಕಾ ಮಂದಣ್ಣ ಮತ್ತು ಸಂಯುಕ್ತಾ ಹೆಗ್ಡೆ ಇಬ್ಬರಿಗೂ ಇದು ಮೊದಲ ಸಿನಿಮಾ. ಚಿತ್ರೀಕರಣ ನಡೆದದ್ದು ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಲ್ಲಿ. ನಮ್ಮ ಜಿಲ್ಲೆಯನ್ನು ಸಿನಿಮಾದವರು ಅದಕ್ಕೂ ಮುಂಚೆ ಕಂಡಿದ್ದು ಹೆಚ್ಚಾಗಿ ಎರಡು ಬಗೆಯಲ್ಲಿ. ಒಂದು ಬೇಲೂರು ಹಳೇಬೀಡಿನ ಶಿಲ್ಪ, ಇನ್ನೊಂದು ಸಕಲೇಶಪುರದ ಹಸಿರು. 1964ರಲ್ಲಿ ಬಿ.ಎಸ್. ರಂಗಾ ನಿರ್ದೇಶಿಸಿದ ಕನ್ನಡದ ಮೊದಲ ಪೂರ್ಣ ವರ್ಣಚಿತ್ರದ ಹೆಸರೇ 'ಅಮರಶಿಲ್ಪಿ ಜಕಣಾಚಾರಿ'. 'ಕಿರಿಕ್ ಪಾರ್ಟಿ' ಹಾಸನವನ್ನು ಪೋಸ್ಟ್‌ಕಾರ್ಡ್ ಮಾಡಲಿಲ್ಲ. ಕಾರಿಡಾರು, ಹಾಸ್ಟೆಲ್ ಕೋಣೆ, ಪರೀಕ್ಷೆಯ ಹಿಂದಿನ ರಾತ್ರಿ ಇವನ್ನೇ ತೋರಿಸಿತು. ಸುತ್ತಲಿನ ತಾಲೂಕುಗಳ ವಿದ್ಯಾರ್ಥಿಗಳಿಗೆ ಆ ಸಿನಿಮಾ ಅಷ್ಟೊಂದು ಹಿಡಿಸಿದ್ದಕ್ಕೆ ಹಾಡುಗಳಷ್ಟೇ ಈ ಸಾಮಾನ್ಯತನವೂ ಕಾರಣ.

ಸಿನಿಮಾದ ಅತ್ಯುತ್ತಮ ಭಾಗ ಹುಡುಗರ ಸ್ನೇಹ. ಮೆಕ್ಯಾನಿಕಲ್ ವಿಭಾಗದ ಈ ಗ್ಯಾಂಗು ಒಬ್ಬರನ್ನೊಬ್ಬರು ಕಾಲೆಳೆಯುವ ರೀತಿ, ದುಡ್ಡು ಒಟ್ಟು ಮಾಡಿ ಹಳೆಯ ಹಳದಿ ಕಾಂಟೆಸ್ಸಾ ಕಾರು ಕೊಳ್ಳುವುದು, ಮುಂದೆ ಆ ಸ್ನೇಹಕ್ಕೂ ಪೆಟ್ಟು ಬೀಳುವುದು, ಇವೆಲ್ಲ ಒಳಗಿನಿಂದ ಬಲ್ಲವರು ಬರೆದ ದೃಶ್ಯಗಳು. ಈ ಸ್ನೇಹ ಬೆಳೆಯುವುದಕ್ಕೆ ಏನೇನು ಬೇಕಾಯಿತು ಎಂದು ಪಟ್ಟಿ ಮಾಡಿ ನೋಡೋಣ. ಒಂದು ಹಾಸ್ಟೆಲ್ ಕೋಣೆ. ಯಾರೂ ಕೇಳದ ರಾತ್ರಿಗಳು. ಎತ್ತ ಬೇಕಾದರೂ ಹೋಗಬಲ್ಲ ಒಂದು ವಾಹನ. ಮುಖ್ಯವಾಗಿ, ಏನೂ ಮಾಡದೆ ಕೂರುವ ಹೊತ್ತು. ಸ್ನೇಹ ಎನ್ನುವುದು ಬಹುಪಾಲು ಹರಟೆಯಿಂದಲೇ ಆಗುವಂಥದ್ದು, ಹರಟೆಗೆ ಬಿಡುವು ಬೇಕು. ಕಾಂಟೆಸ್ಸಾ ಕಾರು ಈ ಹುಡುಗರ ಪಾಲಿನ ವಠಾರ.

ಸಾನ್ವಿ ಈ ವಠಾರದ ಹೊರಗಿದ್ದಾಳೆ. ಅವಳು ಫೈನಲ್ ಇಯರ್, ಕರ್ಣ ಫಸ್ಟ್ ಇಯರ್. ನಾಯಕನಿಗಿಂತ ದೊಡ್ಡವಳಾದ ನಾಯಕಿಯನ್ನು ಇಟ್ಟಿದ್ದು ನಮ್ಮ ಸಿನಿಮಾದಲ್ಲಿ ಅಪರೂಪದ ನಡೆ, ಅದಕ್ಕೆ ಮೆಚ್ಚುಗೆ ಸಲ್ಲಬೇಕು. ಕರ್ಣ ಅವಳನ್ನು ಗೌರವದಿಂದಲೇ ಕಾಣುತ್ತಾನೆ, ಅವರ ನಡುವೆ ಒಂದು ಸ್ನೇಹವೂ ಮೂಡುತ್ತದೆ. ಆದರೆ ನಮಗೆ ಸಿಗುವುದು ಬಹುಪಾಲು ಕರ್ಣ ನೋಡಿದ ಸಾನ್ವಿ. ಕಾರಿಡಾರಿನಲ್ಲಿ ನಡೆದುಬರುವ ಸಾನ್ವಿ, ಹಾಡಿನೊಳಗಿನ ಸಾನ್ವಿ. ಅವಳು ತನ್ನ ಗೆಳತಿಯರ ಜೊತೆ ಯಾವುದಕ್ಕೆ ಬಿದ್ದು ಬಿದ್ದು ನಗುತ್ತಾಳೆ? ಯಾರನ್ನು ಅಣಕಿಸುತ್ತಾಳೆ? ಫಸ್ಟ್ ಇಯರಿನ ಈ ಹುಡುಗ ಹಿಂದೆ ಬೀಳುವುದನ್ನು ಅವಳ ಕೋಣೆಯಲ್ಲಿ ಹೇಗೆ ತಮಾಷೆ ಮಾಡುತ್ತಾರೆ? ಹುಡುಗರ ಹಾಸ್ಟೆಲಿನ ಒಂದೊಂದು ಮೂಲೆಯೂ ನಮಗೆ ಗೊತ್ತಾಗುತ್ತದೆ, ಸಾನ್ವಿಯ ಕೋಣೆ ಗೊತ್ತಾಗುವುದಿಲ್ಲ. ಹೀಗಾಗಿ ಸಿನಿಮಾದ ನಡುವಿನಲ್ಲಿ ಅವಳು ತೀರಿಕೊಂಡಾಗ ನಾವು ಅಳುವುದು ಕರ್ಣನಿಗಾಗಿ. ಗೆಳತಿಯೊಬ್ಬಳನ್ನು ಕಳೆದುಕೊಂಡ ಸಂಕಟಕ್ಕಿಂತ ಕನಸೊಂದು ಮುರಿದ ಸಂಕಟವೇ ಅಲ್ಲಿ ದೊಡ್ಡದು.

ದ್ವಿತೀಯಾರ್ಧದ ಆರ್ಯಾ ಬೇರೆ ಥರದವಳು. ಸಂಯುಕ್ತಾ ಹೆಗ್ಡೆ ಬಂದೊಡನೆ ಸಿನಿಮಾದ ಉಸಿರಾಟವೇ ಬದಲಾಗುತ್ತದೆ. ಅವಳು ತಾನಾಗಿ ಬಂದು ಮಾತಾಡಿಸುತ್ತಾಳೆ, ಚೇಷ್ಟೆ ಮಾಡುತ್ತಾಳೆ, ರೇಗಿಸುತ್ತಾಳೆ. ಮುಖ ಗಂಟಿಕ್ಕಿಕೊಂಡು ಹೊಡೆದಾಟಕ್ಕೆ ಇಳಿದ ಕರ್ಣನ ಸುತ್ತ ಇರುವ ಗಾಂಭೀರ್ಯಕ್ಕೆ ಅವಳು ಸೂಜಿ ಚುಚ್ಚುತ್ತಾಳೆ. ನೋಡುವವಳೂ ಅವಳೇ, ನಗಿಸುವವಳೂ ಅವಳೇ. ಇಲ್ಲಿ ನಿಜವಾದ ರೊಮ್ಯಾಂಟಿಕ್ ಕಾಮಿಡಿಯೊಂದು ಶುರುವಾಗಬಹುದಿತ್ತು. ಆದರೆ ಸಿನಿಮಾ ಅವಳಿಗೆ ಕೊಟ್ಟಿರುವ ಕೆಲಸ ಬೇರೆ: ಕರ್ಣನನ್ನು ಮೊದಲಿನ ಕರ್ಣನನ್ನಾಗಿ ಮಾಡುವುದು. ಅವಳ ಲವಲವಿಕೆ ಅವನ ಕಾಯಿಲೆಗೆ ಔಷಧವಾಗುತ್ತದೆ. ಔಷಧದ ಸ್ವಂತ ಕಥೆಯನ್ನು ಯಾರೂ ಕೇಳುವುದಿಲ್ಲವಲ್ಲ. ಗ್ಯಾಂಗಿನ ಕಾರಿನಲ್ಲಿ ಅವಳಿಗೊಂದು ಖಾಯಂ ಸೀಟು, ಗ್ಯಾಂಗಿನ ಹುಡುಗರ ಜೊತೆ ಅವಳದೇ ಆದ ಒಂದು ಸ್ನೇಹ, ಕರ್ಣನನ್ನು ಪ್ರೀತಿಸದೆಯೂ ಅಲ್ಲಿ ಉಳಿಯಬಹುದಾದ ಒಂದು ದಾರಿ, ಇವು ಕಥೆಗೆ ಬೇಕಾಗಲಿಲ್ಲ.

ಇದು ಹುಡುಗನೊಬ್ಬ ದೊಡ್ಡವನಾಗುವ ಕಥೆ, ಅದರಲ್ಲಿ ಹುಡುಗಿಯರ ಕೋಣೆಯನ್ನು ಯಾಕೆ ಹುಡುಕಬೇಕು ಎಂದು ನನ್ನ ಜೊತೆಯ ಸಂಶೋಧಕರೇ ಕೇಳಿದ್ದಾರೆ. ನ್ಯಾಯವಾದ ಆಕ್ಷೇಪ. ಎಲ್ಲ ಸಿನಿಮಾ ಎಲ್ಲರ ಕಥೆ ಹೇಳಬೇಕಿಲ್ಲ. ನನ್ನ ತಕರಾರು ಒಂದು ಸಿನಿಮಾದ ಮೇಲಲ್ಲ. ಹಾಸನ ಎಂಬ ಊರಿನಲ್ಲಿ ಹುಡುಗ ಹುಡುಗಿಯರು ಒಟ್ಟಿಗೆ ಓದುತ್ತಾರೆ ಎಂಬ ಸಂಗತಿಯಿಂದ ಹುಟ್ಟಿದ ಅತಿ ಜನಪ್ರಿಯ ಸಿನಿಮಾದಲ್ಲೂ ಅವರಿಬ್ಬರು ಸುಮ್ಮನೆ ಜೊತೆ ಇರುವ ಜಾಗ ಸಿಕ್ಕಲಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ಯಾಕೆಂದರೆ ಅಂಥ ಜಾಗ ನಮ್ಮ ಜಿಲ್ಲೆಯಲ್ಲಿ ಇದೆ. ನಾನು ಅದರಲ್ಲಿ ಕೂತು ಓಡಾಡಿದ್ದೇನೆ.

ಅರಸೀಕೆರೆ ರೈಲ್ವೆ ಜಂಕ್ಷನ್ನಿನ ಊರು. ಬೆಂಗಳೂರು ಹುಬ್ಬಳ್ಳಿ ದಾರಿಯಿಂದ ಹಾಸನ ಮೈಸೂರಿನ ಕಡೆ ಹೋಗುವ ಹಳಿ ಕವಲೊಡೆಯುವುದು ಇಲ್ಲಿಯೇ. ಕೊಬ್ಬರಿ ಹರಾಜು, ತೆಂಗಿನ ತೋಟ, ಮಳೆ ಕೈಕೊಟ್ಟ ವರ್ಷಗಳ ಲೆಕ್ಕ, ಇದು ಊರಿನ ಮಾತು. ಹಾಸನದಲ್ಲಿ ಓದುವ ನಮ್ಮಂಥವರಿಗೆ ಹಾಸ್ಟೆಲ್ ಎಂದರೆ ಖರ್ಚು, ಅದರಲ್ಲೂ ಹುಡುಗಿಯರಿಗೆ ಅನುಮತಿಯ ಪ್ರಶ್ನೆ. ಹಾಗಾಗಿ ದಿನಾ ಓಡಾಟ. 40ಕ್ಕೂ ಹೆಚ್ಚು ಕಿ.ಮೀ. ದಾರಿ, ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ, ಸಂಜೆ ಅಷ್ಟೇ ಹೊತ್ತು ವಾಪಸು. ವಾರಕ್ಕೆ ಆರು ದಿನ ಎಂದರೆ ಹನ್ನೆರಡು ಗಂಟೆ. ಪಾಸ್ ಮಾಡಿಸಿಕೊಂಡವರೆಲ್ಲ ಹತ್ತುವುದು ಅದೇ ಬೋಗಿಗೆ. ಯಾರು ಎಲ್ಲಿ ಕೂರುತ್ತಾರೆ, ಯಾರು ಬಾಗಿಲ ಬಳಿ ನಿಲ್ಲುತ್ತಾರೆ ಎಲ್ಲ ಗೊತ್ತು. ರೆಕಾರ್ಡ್ ಬರೆಯುವುದು, ಟಿಫಿನ್ ಡಬ್ಬಿ ಅದಲುಬದಲು, ಲೆಕ್ಚರರ್‌ಗಳ ಮಿಮಿಕ್ರಿ, ಯಾವ ಸಿನಿಮಾ ಡಬ್ಬ ಎಂಬ ವಾದ, ಎಲ್ಲವೂ ಅಲ್ಲಿಯೇ. ಹುಡುಗಿಯರ ಜೋಕಿಗೆ ಹುಡುಗರು ನಗುವುದನ್ನು ನಾನು ಮೊದಲು ಕಂಡದ್ದು ಆ ರೈಲಿನಲ್ಲಿ. ಕ್ಲಾಸಿನಲ್ಲಿ ಬಾಯಿ ಬಿಡದವರು ಅಲ್ಲಿ ಮಾತಿನ ಮಲ್ಲಿಯರಾಗುತ್ತಿದ್ದರು.

ಆ ಸ್ನೇಹದ ಗಡಿಯೂ ಸ್ಪಷ್ಟವಾಗಿತ್ತು. ಪ್ಲಾಟ್‌ಫಾರಂ ಇಳಿದ ಕೂಡಲೇ ನಾವು ಬೇರೆ ಬೇರೆ. ಹುಡುಗರು ಸೈಕಲ್ ಸ್ಟ್ಯಾಂಡಿನ ಕಡೆ, ನಾವು ಇನ್ನೊಂದು ಬಾಗಿಲಿನ ಕಡೆ. ಹೀಗೆ ಮಾಡಿ ಎಂದು ನಮಗೆ ಯಾರೂ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಒಮ್ಮೆ ಮಳೆ ಜೋರಾಗಿದ್ದ ಸಂಜೆ ನನ್ನ ಪ್ರಾಜೆಕ್ಟ್ ಜೊತೆಗಾರ ನನ್ನನ್ನು ಬೀದಿಯ ತಿರುವಿನವರೆಗೆ ಬಿಟ್ಟು ಹೋದ. ನಾನು ಮನೆ ತಲುಪುವ ಮುಂಚೆ ಸುದ್ದಿ ತಲುಪಿತ್ತು. ಅಮ್ಮ ಕೇಳಿದ್ದು ಒಂದೇ: "ಯಾರೇ ಅವನು?" ಫ್ರೆಂಡು ಎಂದೆ. ಅಮ್ಮ ಸುಮ್ಮನಾದರು, ಪಕ್ಕದಲ್ಲಿದ್ದ ಅತ್ತೆ ಸುಮ್ಮನಾಗಲಿಲ್ಲ. "ಫ್ರೆಂಡು ಅಂತ ಯಾರತ್ರಾನೂ ಹೇಳ್ಬೇಡ ಕಣೇ. ಅಣ್ಣ ಅಂತ ಕರಿ, ಆಗ ಯಾರೂ ಏನೂ ಅನ್ನಲ್ಲ" ಎಂದರು. ಅತ್ತೆ ಕೆಟ್ಟದ್ದು ಹೇಳಲಿಲ್ಲ, ದಾರಿಯೊಂದನ್ನು ತೋರಿಸಿದರು. ಆದರೆ ಆ ದಾರಿಯಲ್ಲಿ ಎರಡೇ ನಿಲ್ದಾಣ. ಒಂದು ಅಣ್ಣ, ಇನ್ನೊಂದು ಲವ್ವರ್. ನಮ್ಮ ಬೋಗಿಯ ಒಬ್ಬ ಹುಡುಗಿ ಇಂಥದೇ ಒಂದು "ಯಾರೇ ಅವನು" ಪ್ರಶ್ನೆಗೆ ಉತ್ತರ ಸಿಗದೆ ಎರಡನೇ ವರ್ಷಕ್ಕೇ ಕಾಲೇಜು ಬಿಟ್ಟಳು. ಅವಳು ಯಾರನ್ನೂ ಪ್ರೀತಿಸಿರಲಿಲ್ಲ. ಚೆನ್ನಾಗಿ ಅಣಕು ಮಾಡುತ್ತಿದ್ದಳು, ಅಷ್ಟೇ.

ಸಿನಿಮಾ ಈ ವಿಷಯಕ್ಕೆ ಸಂಬಂಧಪಡುವುದು ಇಲ್ಲಿ. ಊರಿನ ಬಾಯಿಗೆ ಪದಗಳನ್ನು ಕೊಡುವುದರಲ್ಲಿ ಸಿನಿಮಾದ ಪಾಲು ದೊಡ್ಡದು. ಹುಡುಗ ಹುಡುಗಿ ಒಟ್ಟಿಗೆ ನಕ್ಕರೆ ಮುಂದೇನು ಎಂಬುದನ್ನು ನಾವು ತೆರೆಯ ಮೇಲೆ ನೂರು ಸಲ ನೋಡಿದ್ದೇವೆ: ಮುಂದೆ ಹಾಡು. ಹಾಡು ಬರದೆ ಹೋದ ನಗುವನ್ನು ನಾವು ತೆರೆಯ ಮೇಲೆ ನೋಡಿಲ್ಲ. ಹಾಗಾಗಿ ಅದನ್ನು ಬೀದಿಯಲ್ಲಿ ಕಂಡಾಗಲೂ ಗುರುತಿಸಲು ಬರುವುದಿಲ್ಲ.

ಇನ್ನೊಂದು ಜಾಗ ಕಾಲೇಜು ಟ್ರಿಪ್ಪು. ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡು, ಅಲ್ಲಿಂದ 16 ಕಿ.ಮೀ. ಬೇಲೂರು. ನಮ್ಮ ತಾಲೂಕಿನ ಯಾವ ಶಾಲೆ ಕಾಲೇಜಿಗೂ ಈ ಪ್ರವಾಸ ತಪ್ಪಿದ್ದಲ್ಲ. ಬಸ್ಸಿನಲ್ಲಿ ಮುಂದಿನ ಸೀಟು ಹುಡುಗಿಯರದು, ಹಿಂದಿನ ಸೀಟು ಹುಡುಗರದು, ನಡುವೆ ಮೇಷ್ಟ್ರು. ಅಂತ್ಯಾಕ್ಷರಿ ಶುರುವಾದರೆ ಮೇಷ್ಟ್ರ ತಲೆಯ ಮೇಲಿಂದಲೇ ಹಾಡು ಓಡಾಡುತ್ತದೆ. ಗುಡಿಯೊಳಗೆ ಹೋದ ಮೇಲೆ ಸಾಲು ಮುರಿಯುತ್ತದೆ, ಎಲ್ಲರೂ ತಲೆ ಎತ್ತಿ ಒಂದೇ ಕಡೆ ನೋಡಬೇಕಾಗುತ್ತದೆ.

1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ಗುಡಿಯ ಹೊರಗೋಡೆಯ ಮೇಲೆ 38 ಮದನಿಕೆಯರಿದ್ದಾರೆ, ಒಳಗೆ ನವರಂಗದಲ್ಲಿ ಇನ್ನೂ ನಾಲ್ವರು. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣರ ಹೆಸರು ಕೆಲವು ಶಿಲ್ಪಗಳ ಕೆಳಗೆ ಇವತ್ತಿಗೂ ಓದಲು ಸಿಗುತ್ತದೆ. ಡಿ.ವಿ. ಗುಂಡಪ್ಪನವರು 'ಅಂತಃಪುರ ಗೀತೆ' ಬರೆದದ್ದು ಇವರನ್ನೇ ಕುರಿತು. ನಾವು ಶಾಲೆಯಲ್ಲಿ ಕಲಿತದ್ದು ಇವರ ಸೌಂದರ್ಯದ ಬಗ್ಗೆ. ಆದರೆ ಇವರ ತಮಾಷೆಯ ಬಗ್ಗೆ ಯಾರೂ ಹೇಳಿಕೊಡಲಿಲ್ಲ. ಒಬ್ಬಳು ಗಿಳಿಯ ಜೊತೆ ಮಾತಿಗಿಳಿದಿದ್ದಾಳೆ. ಒಬ್ಬಳು ಬಿಲ್ಲು ಹಿಡಿದು ಬೇಟೆಗೆ ನಿಂತಿದ್ದಾಳೆ. ಇನ್ನೊಬ್ಬಳ ಸೀರೆಯನ್ನು ಕೋತಿಯೊಂದು ಹಿಡಿದೆಳೆಯುತ್ತಿದೆ. ಶಿಲ್ಪಿಗೆ ಹಾಸ್ಯ ಬೇಕಿತ್ತು, ಆ ಹಾಸ್ಯದ ನಡುವೆ ನಿಂತವಳು ಹೆಣ್ಣು. ದರ್ಪಣ ಸುಂದರಿಯ ಎದುರು ಗೈಡ್ ಒಬ್ಬರು ಹೆಂಗಸರ ಅಲಂಕಾರದ ಬಗ್ಗೆ ಒಂದು ಜೋಕು ಹೇಳಿದರು, ಹುಡುಗರು ನಕ್ಕರು. ನಮ್ಮ ಗುಂಪಿನವಳೊಬ್ಬಳು, "ಅವಳು ನಿಮ್ಮನ್ನ ನೋಡ್ತಾ ಇಲ್ಲ ಬಿಡಿ ಸಾರ್" ಎಂದಳು. ಈ ಸಲ ನಗು ದೊಡ್ಡದಾಯಿತು, ಗೈಡೂ ನಕ್ಕರು. ಒಂದು ಜೋಕಿಗೆ ಇನ್ನೊಂದು ಜೋಕು ಎದುರಾದ ಆ ಕ್ಷಣದಲ್ಲಿ ಅಲ್ಲಿದ್ದ ಹುಡುಗ ಹುಡುಗಿಯರೆಲ್ಲ ನಿಜವಾಗಿಯೂ ಒಂದು ಗುಂಪಾಗಿದ್ದೆವು. ಯಾರೂ ಜೋಡಿಯಾಗಿರಲಿಲ್ಲ.

ಸೆಳೆತ ಇರಲಿಲ್ಲ ಎಂದು ಇದರ ಅರ್ಥವಲ್ಲ. ಖಂಡಿತ ಇತ್ತು. ಟ್ರಿಪ್ಪಿನ ಫೋಟೋಗಳಲ್ಲಿ ಯಾರು ಯಾರ ಪಕ್ಕ ನಿಲ್ಲಲು ಹೇಗೆ ಜಾಗ ಬದಲಿಸಿದ್ದಾರೆ ಎಂಬುದನ್ನು ಇವತ್ತು ನೋಡಿದರೂ ಹೇಳಬಹುದು. ಸ್ನೇಹ ಮತ್ತು ಸೆಳೆತ ಒಂದನ್ನೊಂದು ಓಡಿಸಿಬಿಡುತ್ತವೆ ಎಂಬ ಹ್ಯಾರಿಯ ವಾದ ನನಗೆ ಒಪ್ಪಿಗೆಯಿಲ್ಲ. ಸ್ವಲ್ಪ ಸೆಳೆತ ಇದ್ದುಕೊಂಡೇ ಸ್ನೇಹ ಬಾಳುತ್ತದೆ, ಅದನ್ನು ಹೇಳದೆ ಇಟ್ಟುಕೊಳ್ಳುವ ಹಕ್ಕೂ ಇಬ್ಬರಿಗಿರುತ್ತದೆ. ಆ ಹೇಳದೆ ಇರುವುದರಲ್ಲಿ ಎಷ್ಟು ಹಾಸ್ಯವಿದೆ! ಟಿಫಿನ್ ಡಬ್ಬಿಯಲ್ಲಿ ಯಾರಿಗೆ ಎಷ್ಟು ಚಿತ್ರಾನ್ನ ಬಂತು ಎಂಬುದರ ಮೇಲೆ ಒಂದು ಗಂಟೆ ಜಗಳ ನಡೆಯಬಹುದು. ರೊಮ್ಯಾಂಟಿಕ್ ಕಾಮಿಡಿ ಬದುಕುವುದು ಇಂಥ ಚಿಲ್ಲರೆಯ ಮೇಲೆಯೇ. ಸ್ಯಾಲಿ ಊಟ ಹೇಳುವ ರೀತಿ, ಆದಿಲಕ್ಷ್ಮಿ ಬಾಯಿ ಮಾಡುವ ರೀತಿ ನಮಗೆ ನೆನಪಿರುವುದು ಅದಕ್ಕೇ. ಸಾನ್ವಿಯ ವಿಷಯದಲ್ಲಿ ನೆನಪಿರುವುದು ಅವಳ ಮುಖ.

ಕರ್ಣನ ಗ್ಯಾಂಗಿಗೆ ಸಿಕ್ಕ ಹಾಸ್ಟೆಲ್ಲಿನ ರಾತ್ರಿಗಳು ನಮ್ಮ ಜಿಲ್ಲೆಯ ಹುಡುಗಿಯರಿಗೆ ಬೇಗ ಸಿಗುವ ಹಾಗೆ ಕಾಣುವುದಿಲ್ಲ. ಸಂಜೆಯ ರೈಲು ಹಿಡಿಯಬೇಕಾದವರು ಕಾಂಟೆಸ್ಸಾ ಹತ್ತುವುದು ಹೇಗೆ? ಆದರೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಅವರ ಕೈಯಲ್ಲಿದೆ. ಅಷ್ಟು ಹೊತ್ತಿನಲ್ಲಿ ಎಂಥ ಹರಟೆ, ಎಂಥ ಮುನಿಸು, ಎಂಥ ರಾಜಿ ನಡೆಯುತ್ತದೆ ಎಂದು ಬಲ್ಲ ಚಿತ್ರಕಥೆಗಾರ್ತಿಯರು ಈಗ ಇದ್ದಾರೆ. ಅವರಲ್ಲಿ ಕೆಲವರಾದರೂ ಅದೇ ರೈಲಿನಲ್ಲಿ ಓಡಾಡಿದವರಿರಬಹುದು. ಅವರು ಬರೆಯುವ ಸಿನಿಮಾದಲ್ಲಿ ಕೊನೆಗೆ ಪ್ರೇಮವಿದ್ದರೂ ಸರಿ, ಇಲ್ಲದಿದ್ದರೂ ಸರಿ. ಬೀದಿಯ ತಿರುವಿನಲ್ಲಿ ಒಬ್ಬ ಹುಡುಗ ಛತ್ರಿ ಹಿಡಿದು ನಿಂತಾಗ, "ಯಾರೇ ಅವನು?" ಎಂದು ಕೇಳಿದ ಅಮ್ಮನಿಗೆ "ನಮ್ಮ ಬೋಗಿಯವನು ಕಣಮ್ಮ" ಎಂದು ಒಬ್ಬಳು ಹೇಳಬೇಕು. ಅಮ್ಮನಿಗೆ ಅದು ಅರ್ಥವಾಗಬೇಕು. ಥಿಯೇಟರಿನಲ್ಲಿ ಕೂತ ನಮ್ಮ ಅತ್ತೆಯಂಥವರಿಗೂ ಅರ್ಥವಾದರೆ ಆ ಸಿನಿಮಾ ಗೆದ್ದಂತೆ.